ಕೆಂಪು ದೀಪ ಹತ್ತಿದರೆ ಮುಟ್ಟಬೇಡಿ

ಆ ಓಣಿಯಲ್ಲಿ ಅವಳ ನಿಜವಾದ ಹೆಸರು ಯಾರಿಗೂ ಬೇಕಾಗಿರಲಿಲ್ಲ. ಮೊದಲ ಮಹಡಿಯ ಕಿಟಕಿಯಿಂದ ಬೆಳಗಿನಿಂದ ಸಂಜೆಯವರೆಗೆ ‘ಹಲೋ, ನಮಸ್ಕಾರ, ಹೇಳಿ’ ಎಂಬ ದನಿ ಬೀದಿಗೆ ಉದುರುತ್ತಲೇ ಇರುತ್ತಿತ್ತು. ಹಾಗಾಗಿ ಹಾಲಿನವನಿಂದ ಹಿಡಿದು ಇಸ್ತ್ರಿಯವನ ತನಕ ಎಲ್ಲರಿಗೂ ಅವಳು ಹಲೋ ಅಕ್ಕ.

“ಕಾಗೆಗಾದ್ರೂ ಗಂಟಲು ಕಟ್ಟುತ್ತೆ, ನಿನಗೆ ಕಟ್ಟಲ್ವಲ್ಲೇ!” ಎಂದು ಕೆಳಗಿನ ಮನೆಯ ಓನರಮ್ಮ ರೇಗಿಸುತ್ತಿದ್ದಳು.

“ಕಟ್ಟಿದ್ರೆ ನಿಮ್ಮ ಬಾಡಿಗೆ ಯಾರು ಕಟ್ತಾರೆ ಓನರಮ್ಮಾ?” ಎಂದು ಹಲೋ ಅಕ್ಕ ಮೇಲಿನಿಂದಲೇ ಉತ್ತರ ಒಗೆಯುತ್ತಿದ್ದಳು.

ಅವಳದು ಪಾರ್ಸೆಲ್ ಕಂಪನಿಯೊಂದರ ಫೋನ್ ಕೆಲಸ. ಸಾಮಾನು ಬರಲಿಲ್ಲ, ಒಡೆದು ಬಂತು, ಪಕ್ಕದ ಮನೆಗೆ ಹೋಯಿತು ಎಂದು ಜನ ಕೆಂಡ ಕಾರುತ್ತ ಕರೆ ಮಾಡುತ್ತಾರೆ. ಅವರನ್ನು ತಣ್ಣಗೆ ಮಾಡಿ ಕಳಿಸಬೇಕು. ಅದರಲ್ಲಿ ಅವಳದು ಎತ್ತಿದ ಕೈ. ಬೈಯಲು ಬಂದವರು ಕೊನೆಗೆ ತಮ್ಮ ಸೊಸೆಯ ಕಥೆ ಹೇಳಿಕೊಂಡು ಫೋನ್ ಇಡುತ್ತಿದ್ದರು. ಕಂಪನಿ ಹೇಳಿಕೊಟ್ಟ ಮಾತನ್ನು ಕಂಪನಿ ಹೇಳಿಕೊಟ್ಟ ಸಾಲಿನಲ್ಲೇ ಹೇಳುವವಳು ಅವಳು. ನಿಯಮವೆಂದರೆ ನಿಯಮ. ಗಿರಾಕಿಗಳೂ ಹಾಗೆಯೇ ನಡೆದುಕೊಂಡರೆ ಲೋಕದ ಅರ್ಧ ಜಗಳ ತೀರುತ್ತದೆ ಎಂದು ಮನಸಾರೆ ನಂಬಿದ್ದಳು.

ಮನೆಯಲ್ಲೇ ಕೂತು ಮಾಡುವ ಕೆಲಸ ಅವಳಿಗೆ ಸುಮ್ಮನೆ ಸಿಕ್ಕಿದ್ದಲ್ಲ, ಕಾಡಿ ಬೇಡಿ ಪಡೆದದ್ದು. ಅವಳ ಗಂಡ ಸಿಟಿ ಬಸ್ಸಿನ ಡ್ರೈವರ್. ಒಂದು ಬೆಳಿಗ್ಗೆ ತುಂಬಿದ ಬಸ್ಸು ಓಡಿಸುತ್ತಿದ್ದಾಗ ಬಲಗೈ ಮಾತು ಕೇಳುವುದನ್ನು ನಿಲ್ಲಿಸಿತು. ಆತ ಎಡಗೈಯಲ್ಲೇ ಸ್ಟೇರಿಂಗ್ ತಿರುಗಿಸಿ, ಬಸ್ಸನ್ನು ರಸ್ತೆಯ ಅಂಚಿಗೆ ತಂದು, ಬ್ರೇಕ್ ಹಾಕಿ, ಆಮೇಲೆ ಕುಸಿದ. ಜನರಿಗೆ ಒಂದು ಗೀರೂ ಆಗಲಿಲ್ಲ. ಆತನಿಗೆ ಬಲಭಾಗವೂ ಹೋಯಿತು, ಮಾತೂ ಹೋಯಿತು. ಉಳಿದದ್ದು ‘ಆಂ’ ಎಂಬ ಒಂದು ಸದ್ದು, ಒಂದು ಎಡಗೈ, ಮತ್ತು ಎಲ್ಲವನ್ನೂ ಗಮನಿಸುವ ಡ್ರೈವರನ ಕಣ್ಣು. ನಡುಮನೆಯಲ್ಲಿ ಆತನ ಮಂಚ. ಎದುರಿಗೆ ಅವಳ ಮೇಜು, ಕಂಪ್ಯೂಟರು, ಗೋಡೆಯ ಕಪಾಟಿನಲ್ಲಿ ಇಂಟರ್ನೆಟ್ಟಿನವರು ಕೊಟ್ಟ ಬಿಳಿ ಪೆಟ್ಟಿಗೆ. ಎರಡು ಕರೆಗಳ ನಡುವೆ ಎದ್ದು ಗಂಡನ ಮಗ್ಗುಲು ಬದಲಿಸಿ, ಎರಡು ಗುಟುಕು ನೀರು ಕುಡಿಸಿ, ಮತ್ತೆ ‘ಹಲೋ ನಮಸ್ಕಾರ’. ಹೀಗೆ ಸಂಸಾರ ಸಾಗುತ್ತಿತ್ತು.

ಕೆಡಿಸಿದ್ದು ಆ ಬಿಳಿ ಪೆಟ್ಟಿಗೆ.

ಮೊದಲು ಅಪರೂಪಕ್ಕೆ, ಆಮೇಲೆ ದಿನಾ, ಅದರ ಹಸಿರು ದೀಪ ಆರಿ ಕೆಂಪು ದೀಪ ಹತ್ತತೊಡಗಿತು. ಆ ಕಡೆ ಯಾರೋ ಕಣ್ಣೀರು ಹಾಕಿಕೊಂಡು ಔಷಧಿಯ ಪಾರ್ಸೆಲ್ ಬಗ್ಗೆ ಹೇಳುತ್ತಿರುವಾಗಲೇ ಮಾತು ತುಂಡಾಗುತ್ತಿತ್ತು. ಕಂಪನಿಯ ಕಂಪ್ಯೂಟರಿಗೆ ಇದೆಲ್ಲ ತಿಳಿಯುವುದಿಲ್ಲ. ಸಂಪರ್ಕ ತಪ್ಪಿದರೆ ಅದು ಒಂದೇ ಮಾತು ಬರೆದುಕೊಳ್ಳುತ್ತದೆ: ಸೀಟು ಬಿಟ್ಟು ಎದ್ದಿದ್ದಾರೆ.

“ಅಕ್ಕಾ, ಇವತ್ತೂ ಎದ್ದು ಹೋಗಿದ್ರಿ,” ಎಂದಳು ಟೀಮ್ ಲೀಡರ್, ಫೋನಿನಲ್ಲಿ. ವಯಸ್ಸಿನಲ್ಲಿ ಚಿಕ್ಕವಳು, ಕೆಟ್ಟವಳಲ್ಲ.

“ಎಲ್ಲಿಗೆ ಹೋಗ್ಲಿ ತಾಯಿ? ಪೆಟ್ಟಿಗೆ ಕೆಟ್ಟಿದೆ.”

“ನನಗೆ ಗೊತ್ತು. ಆದ್ರೆ ಸಿಸ್ಟಮ್‌ಗೆ ಗೊತ್ತಾಗಬೇಕಲ್ಲ? ‘ತೊಂದರೆ ನಮ್ಮ ಕಡೆಯದೇ’ ಅಂತ ಇಂಟರ್ನೆಟ್‌ನವರ ಹತ್ರ ಒಂದು ಮೆಸೇಜ್ ಹಾಕಿಸಿ. ಎಲ್ಲಾ ಅಳಿಸಿ ಹಾಕ್ತೀನಿ. ಇಲ್ಲಾಂದ್ರೆ ಈ ತಿಂಗಳ ಕೊನೆಗೆ ಮನೆಯಿಂದ ಮಾಡೋ ಕೆಲಸ ರದ್ದು ಮಾಡಿ ಆಫೀಸಿಗೆ ಕರೀತಾರೆ.”

ಆಫೀಸು ಊರಿನ ಇನ್ನೊಂದು ತುದಿಗೆ. ಹಲೋ ಅಕ್ಕ ಮಂಚದ ಕಡೆ ನೋಡಿದಳು. ಆತ ಕಣ್ಣಲ್ಲೇ ಏನೆಂದು ಕೇಳಿದ. “ಏನಿಲ್ಲ ರೀ, ಆಫೀಸಿನವರು ಚೆನ್ನಾಗಿದ್ದೀರಾ ಅಂತ ಕೇಳಿದ್ರು,” ಎಂದಳು. ಆತ ಮಲಗಿದಂದಿನಿಂದ ಅವಳು ಹಾಗೆಯೇ. ಕಷ್ಟದ ಮಾತು ಆತನ ಕಿವಿಗೆ ಬೀಳದಂತೆ ಮೆಟ್ಟಿಲಿಗೆ ಹೋಗಿ ಆಡುವಳು.

ಇಂಟರ್ನೆಟ್ಟಿನವರಿಗೆ ಫೋನ್ ಮಾಡಿದರೆ ಅಲ್ಲೊಂದು ಹೆಣ್ಣು ದನಿ, ಥೇಟ್ ಅವಳದೇ ಸಾಲುಗಳು. ‘ನಿಮಗಾದ ತೊಂದರೆಗೆ ವಿಷಾದಿಸುತ್ತೇವೆ ಮೇಡಂ.’ ಆ ಮಾತಿನ ಒಳಗೆ ಏನೂ ಇಲ್ಲವೆಂದು ಹಲೋ ಅಕ್ಕನಿಗಿಂತ ಚೆನ್ನಾಗಿ ಬಲ್ಲವರು ಯಾರು?

“ಮೇಡಂ, ಪೆಟ್ಟಿಗೆ ಆಫ್ ಮಾಡಿ ಆನ್ ಮಾಡಿದ್ರಾ?”

“ಮಾಡಿದೀನಮ್ಮ. ಪ್ರತಿ ಸಲ ಮೊದಲು ಅದನ್ನ ಮಾಡಿಯೇ ನಿಮಗೆ ಫೋನ್ ಮಾಡೋದು.”

“ಇಲ್ಲಿ ನೋಡಿದ್ರೆ ನಿಮ್ಮ ಲೈನ್ ಚೆನ್ನಾಗೇ ಇದೆ ಮೇಡಂ. ಹಸಿರು ತೋರಿಸ್ತಿದೆ.”

ನಿಜ, ಆಗ ಹಸಿರೇ ಇರುತ್ತಿತ್ತು. ‘ನಿಮ್ಮ ದೂರು ಬಗೆಹರಿದಿದೆ, ಧನ್ಯವಾದಗಳು’ ಎಂಬ ಮೆಸೇಜು ಬರುತ್ತಿತ್ತು. ಅದರ ಹಿಂದೆಯೇ ಕೆಂಪು ದೀಪವೂ ಬರುತ್ತಿತ್ತು. ಬೇರೆ ಪೆಟ್ಟಿಗೆ ತಂದು ಹಾಕಿಕೊಳ್ಳೋಣವೆಂದರೆ ಅವರ ಲೈನಿಗೆ ಅವರದೇ ಪೆಟ್ಟಿಗೆ ಆಗಬೇಕು. ಮೊಬೈಲಿನ ಇಂಟರ್ನೆಟ್ಟಿನಲ್ಲಿ ಕೆಲಸ ಮಾಡಲು ಪಾರ್ಸೆಲ್ ಕಂಪನಿ ಬಿಡುವುದಿಲ್ಲ. ಇಬ್ಬರು ಯಜಮಾನರ ನಡುವೆ ಹಲೋ ಅಕ್ಕ ಅಡಕತ್ತರಿಗೆ ಸಿಕ್ಕಳು.

ಕಾಡಿಸಿ ಪೀಡಿಸಿದ ಮೇಲೆ ಒಬ್ಬ ಲೈನಿನವನು ಬಂದ. ನಡುವಯಸ್ಸು, ಹೆಗಲ ಮೇಲೆ ಸುರುಳಿ ವೈರು, ಬಿಸಿಲಿಗೆ ಸುಟ್ಟ ಮುಖ. ಗಂಡನಿಗೆ ಆಗ ಮಧ್ಯಾಹ್ನದ ಗಾಢ ನಿದ್ದೆ. ಪೆಟ್ಟಿಗೆಗೆ ತನ್ನ ಫೋನು ಜೋಡಿಸಿ ನೋಡಿ ತಲೆ ಕೆರೆದುಕೊಂಡ.

“ಅಕ್ಕಾ, ಇದನ್ನ ಆಫ್ ಮಾಡಿದ್ರಾ?”

“ಮಾಡಿದೆ. ನಿಮ್ಮವರೇ ಹೇಳಿಕೊಟ್ಟಿದ್ದು.”

“ಅಯ್ಯೋ, ಅಲ್ಲೇ ಕೆಟ್ಟಿದ್ದು. ಕೆಂಪು ದೀಪ ಯಾಕೆ ಹತ್ತಿತು ಅನ್ನೋದು ಇದರ ಹೊಟ್ಟೆಯಲ್ಲೇ ಇರುತ್ತೆ. ಆಫ್ ಮಾಡಿದ್ರೆ ಎಲ್ಲಾ ತೊಳೆದು ಹೋಗುತ್ತೆ. ಆಮೇಲೆ ಇದು ಹಸುಗೂಸು.”

“ಹಂಗಾದ್ರೆ ಫೋನಲ್ಲಿ ಯಾಕೆ ಆಫ್ ಮಾಡಿ ಅಂತಾರೆ?”

“ಅವರಿಗೆ ಫೋನ್ ಬೇಗ ಇಟ್ಟರೆ ಸಾಕು. ಅವರ ಕೆಲಸವೂ ಉಳೀಬೇಕಲ್ಲ.” ಈ ಮಾತು ಅವಳಿಗೆ ತಟಕ್ಕನೆ ಅರ್ಥವಾಯಿತು. “ಮುಂದಿನ ಸಲ ಕೆಂಪು ದೀಪ ಹತ್ತಿದರೆ ಮುಟ್ಟಬೇಡಿ. ಹಾಗೇ ಬಿಟ್ಟು ನನ್ನ ನಂಬರಿಗೆ ಹೇಳಿ. ನಾನು ಬಂದು ಜೋಡಿಸಿದ್ರೆ ಅದೇ ತಾನಾಗಿ ಮೇಲಕ್ಕೆ ರಿಪೋರ್ಟ್ ಕಳಿಸುತ್ತೆ. ಪೆಟ್ಟಿಗೆನೂ ಬದಲಾಯಿಸ್ತಾರೆ, ತೊಂದರೆ ನಮ್ಮದೇ ಅಂತ ನೀವು ಕೇಳಿದ ಮೆಸೇಜೂ ಬರುತ್ತೆ.”

ಎಂದರೆ, ಇಷ್ಟು ದಿನ ಹೇಳಿದ ಮಾತು ಚಾಚೂ ತಪ್ಪದೆ ಪಾಲಿಸಿ, ತನ್ನ ಪಾಲಿನ ಸಾಕ್ಷಿಯನ್ನು ತಾನೇ ಒರೆಸಿ ಹಾಕುತ್ತಿದ್ದಳು.

ತಿಂಗಳ ಕೊನೆಯ ವಾರ. ಬೆಳಗಿನ ಕೆಲಸಕ್ಕೆ ಕೂತ ಸ್ವಲ್ಪ ಹೊತ್ತಿಗೇ ಕೆಂಪು ದೀಪ ಹತ್ತಿತು. ಹಲೋ ಅಕ್ಕನ ಕೈ ಅಭ್ಯಾಸಬಲದಿಂದ ಕಪಾಟಿನ ಕಡೆ ಹೋಗಿ, ಬಿಸಿ ಪಾತ್ರೆ ತಾಕಿದಂತೆ ಹಿಂದೆ ಬಂತು. ಮೆಟ್ಟಿಲಿಗೆ ಹೋಗಿ ಲೈನಿನವನಿಗೆ ಫೋನ್ ಮಾಡಿದಳು.

“ಕಂಬದ ಮೇಲಿದೀನಿ ಅಕ್ಕಾ. ಮಧ್ಯಾಹ್ನ ಬರ್ತೀನಿ. ಮುಟ್ಟಬೇಡಿ.”

“ಮಧ್ಯಾಹ್ನದ ತನಕ ನಾನು ಸೀಟು ಬಿಟ್ಟವಳು ಅಂತಲೇ ಲೆಕ್ಕ.”

“ಒಂದೇ ದಿನದ ಮಾತು. ಆಮೇಲೆ ಎಲ್ಲಾ ಅಳಿಸ್ತಾರೆ ಅಂದಿದ್ರಲ್ಲ?”

ಹಾಗೆ ಅವಳು ಒಳಗೆ ಬಂದು ಕೂತಳು. ಕಿವಿಗೆ ಹೆಡ್‌ಫೋನು, ಎದುರಿಗೆ ಸತ್ತ ಪರದೆ, ಕೈ ತೊಡೆಯ ಮೇಲೆ. ಎದ್ದರೆ ನಿಜವಾಗಿಯೂ ಸೀಟು ಬಿಟ್ಟಂತಾಗುತ್ತದೆ ಎಂಬಂತೆ ಏಳಲೂ ಇಲ್ಲ. ಮಂಚದಿಂದ ಗಂಡ ‘ಆಂ’ ಎಂದ. ಎಡಗೈ ಎತ್ತಿ ಪೆಟ್ಟಿಗೆ ತೋರಿಸಿದ, ಬೆರಳಲ್ಲಿ ಸ್ವಿಚ್ಚು ಒತ್ತುವಂತೆ ಮಾಡಿದ.

“ಇರ್ಲಿ ಬಿಡಿ ರೀ. ಗೊತ್ತಿದೆ ನನಗೆ.”

‘ಆಂ, ಆಂ.’

“ಸುಮ್ನಿರಿ ಅಂದೆ ಅಲ್ವಾ!” ಎಂದು ಸಿಡುಕಿದಳು. ಕಾರಣ ಹೇಳಿದರೆ ಮನೆಯಲ್ಲಿ ಕೂತು ಮಾಡುವ ಕೆಲಸ ಹೋಗುವ ಮಾತೂ ಹೇಳಬೇಕಾಗುತ್ತದೆ, ಹೇಳಲಿಲ್ಲ. ಆತನಿಗೆ ಕಂಡದ್ದು ಇಷ್ಟೇ: ಹೆಂಡತಿ ಸೋತು ಕೂತಿದ್ದಾಳೆ, ದಿನಾ ಮಾಡುವ ಕೆಲಸ ಮಾಡಲೂ ಅವಳಲ್ಲಿ ಇವತ್ತು ತ್ರಾಣವಿಲ್ಲ.

ಊಟದ ಹೊತ್ತು ದಾಟಿದ ಮೇಲೆ ಲೈನಿನವನ ಫೋನು ಬಂತು. “ಕೆಳಗಿದೀನಿ. ಗೇಟಿಗೆ ಬೀಗ ಹಾಕಿದಾರೆ.” ಹಲೋ ಅಕ್ಕ ದಡದಡ ಇಳಿದಳು. ಓನರಮ್ಮ ಬೀಗದ ಕೈ ಎಲ್ಲಿಟ್ಟೆನೋ ಎಂದು ಸೊಂಟ ತಡವಿ, ಅಡುಗೆಮನೆ ತಡವಿ, ಕೊನೆಗೆ ತಲೆದಿಂಬಿನ ಕೆಳಗಿಂದ ತಂದಳು. ಗೇಟು ತೆರೆದು ಲೈನಿನವನನ್ನು ಕರೆದುಕೊಂಡು ಅವಳು ಮೇಲೆ ಬಂದಳು.

ಮಂಚ ಖಾಲಿ.

ಆತ ಕಪಾಟಿನ ಮುಂದೆ ನಿಂತಿದ್ದ. ಬಿದ್ದ ದಿನದಿಂದ ತಾನಾಗಿ ಒಂದು ಹೆಜ್ಜೆ ಇಡದವನು, ಮೇಜು ಹಿಡಿದು, ಗೋಡೆ ಹಿಡಿದು, ಸತ್ತ ಕಾಲನ್ನು ಎಳೆದುಕೊಂಡು ಅಲ್ಲಿಯವರೆಗೆ ಹೋಗಿದ್ದ. ಅಂಗಿ ಬೆವರಲ್ಲಿ ತೊಪ್ಪೆ. ಎಡಗೈ ಇನ್ನೂ ಸ್ವಿಚ್ಚಿನ ಮೇಲಿತ್ತು. ಬಿಳಿ ಪೆಟ್ಟಿಗೆಯಲ್ಲಿ ದೀಪಗಳು ಒಂದರ ಹಿಂದೆ ಒಂದು ಹತ್ತುತ್ತ ಬಂದು ಹಸಿರು ನಿಂತಿತು. ಆತ ತಿರುಗಿ, ಅರ್ಧ ಬಾಯಲ್ಲಿ ನಕ್ಕು, ‘ಆಂ’ ಎಂದ.

ಲೈನಿನವನು ಬಾಗಿಲಲ್ಲೇ ನಿಂತ. ಆಮೇಲೆ ಪೆಟ್ಟಿಗೆಗೆ ಫೋನು ಜೋಡಿಸಿ, ತೆಗೆದು, ಮತ್ತೆ ಜೋಡಿಸಿದ. “ಏನೂ ಇಲ್ಲ ಅಕ್ಕಾ,” ಎಂದ ಮೆಲ್ಲಗೆ. “ನಾನು ಬರೆದು ಕಳಿಸೋ ಹಾಗಿದ್ರೆ ಕಳಿಸ್ತಿದ್ದೆ. ಅದು ತಾನಾಗೇ ಓದಿಕೊಳ್ಳುತ್ತೆ. ಎಲ್ಲಾ ಸರಿಯಿದೆ ಅಂತಿದೆ. ಒಂದು ಓಟಿಪಿ ಬಂದಿರುತ್ತೆ, ಹೇಳಿ… ದೂರು ಮುಚ್ಚಬೇಕು.”

ಅವಳು ಓಟಿಪಿ ಹೇಳಿದಳು. ಗಂಡನ ತೋಳಿನ ಕೆಳಗೆ ಹೆಗಲು ಕೊಟ್ಟು ಮಂಚಕ್ಕೆ ಕರೆತಂದಳು. ಆತ ಮತ್ತೆ ಮತ್ತೆ ಪೆಟ್ಟಿಗೆಯ ಕಡೆ ನೋಡುತ್ತಿದ್ದ. ಕಣ್ಣಲ್ಲಿ ಅಂಥ ಬೆಳಕನ್ನು ಅವಳು ಬಹಳ ದಿನದಿಂದ ಕಂಡಿರಲಿಲ್ಲ.

“ಒಳ್ಳೇ ಕೆಲಸ ಮಾಡಿದ್ರಿ,” ಎಂದಳು. “ನೀವು ಇಲ್ದಿದ್ರೆ ಏನು ಮಾಡ್ತಿದ್ದೆ ನಾನು.”

ಟೀಮ್ ಲೀಡರ್ ಅಂದೇ ಸಂಜೆ ಫೋನ್ ಮಾಡಿದಳು. ಹಲೋ ಅಕ್ಕ ಮೆಟ್ಟಿಲಿಗೆ ಹೋಗಿ ಕೇಳಿಸಿಕೊಂಡಳು. ಅರ್ಧ ದಿನ ಸೀಟು ಬಿಟ್ಟದ್ದಕ್ಕೆ ಮೇಲಿನವರು ಒಪ್ಪಲಿಲ್ಲ, ಸೋಮವಾರದಿಂದ ಆಫೀಸು. ಒಳಗೆ ಬಂದು ಗಂಡನಿಗೆ, “ನನಗೆ ಆಫೀಸಲ್ಲೇ ಕುರ್ಚಿ ಕೊಟ್ಟಿದಾರೆ ರೀ, ಬಡ್ತಿ ಅಂತೆ,” ಎಂದಳು. ಆತ ಎಡಗೈಯಿಂದ ಅವಳ ಬೆನ್ನು ತಟ್ಟಿದ.

ನೋಡಿಕೊಳ್ಳಲು ಯಾರೂ ಇರಲಿಲ್ಲ. ಓನರಮ್ಮನ ಮೊಣಕಾಲು ಮೆಟ್ಟಿಲು ಹತ್ತುವುದಿಲ್ಲ. ಹಾಗಾಗಿ ಮಂಚದ ಪಕ್ಕದ ಸ್ಟೂಲಿನ ಮೇಲೆ ಊಟ, ನೀರು. ದಿಂಬಿನ ಬಳಿ ತಾನಾಗಿ ಕರೆ ಎತ್ತಿಕೊಳ್ಳುವಂತೆ ಮಾಡಿಟ್ಟ ಮೊಬೈಲು. ಹೌದಾದರೆ ಅದರ ಮೇಲೆ ಒಂದು ಸಲ ತಟ್ಟಬೇಕು, ಇಲ್ಲವಾದರೆ ಎರಡು ಸಲ. ಹೊರಗಿನಿಂದ ಬಾಗಿಲಿಗೆ ಬೀಗ ಹಾಕಿ ಅವಳು ಹೋಗುತ್ತಿದ್ದಳು.

ಬಿಡುವಿನಲ್ಲಿ ಫೋನ್ ಮಾಡುವಳು. “ಊಟ ಆಯ್ತಾ ರೀ?” ಒಂದು ತಟ್ಟು. “ನೋವಿದೆಯಾ? ಇಲ್ಲ ಅಲ್ವಾ?” ಒಂದು ತಟ್ಟು. “ಆರಾಮಾಗಿದೀರಾ?” ಒಂದು ತಟ್ಟು. ಅಷ್ಟು ಸಾಕಾಗಿತ್ತು ಅವಳಿಗೆ.

ಎರಡನೆಯ ವಾರದ ಒಂದು ಸಂಜೆ ಬೀಗ ತೆಗೆದಾಗ ಆತ ನೆಲದ ಮೇಲಿದ್ದ. ಕಪಾಟಿನ ಕಡೆಗಲ್ಲ, ಬಚ್ಚಲ ಕಡೆಗೆ ಹೊರಟು ಬಿದ್ದಿದ್ದ. ನೆಲ ಒದ್ದೆ, ಸ್ಟೂಲು ಉರುಳಿತ್ತು, ಅನ್ನ ಒಣಗಿ ನೆಲಕ್ಕೆ ಅಂಟಿತ್ತು. ಬಿದ್ದದ್ದು ಬೆಳಿಗ್ಗೆಯೇ ಇರಬೇಕು. ಮೊಬೈಲು ಆತನ ಎಡಗೈಗೆ ಎಟಕುವಲ್ಲಿ ಬಿದ್ದಿತ್ತು. ಆ ದಿನ ಮಧ್ಯಾಹ್ನವೂ ಆಮೇಲೂ ಅವಳು ಕೇಳಿದ್ದಕ್ಕೆಲ್ಲ ಆತ ಅಲ್ಲಿಂದಲೇ, ನೆಲದಿಂದಲೇ, ಒಂದೊಂದು ಸಲ ತಟ್ಟಿದ್ದ.

ಅವಳು ಬೈಯಲಿಲ್ಲ. ಒರೆಸಿದಳು, ಬಟ್ಟೆ ಬದಲಿಸಿದಳು, ಮಂಚಕ್ಕೆ ಎತ್ತಿದಳು. “ಇಲ್ಲ ಅಂತ ಹೇಳಬಾರದಿತ್ತಾ ರೀ?” ಎಂದಾಗ ಆತ ಮುಖ ಗೋಡೆಗೆ ತಿರುಗಿಸಿದ. ಹೇಳಿದ್ದರೂ ಅವಳು ಸೀಟು ಬಿಟ್ಟು ಬರುವ ಹಾಗಿರಲಿಲ್ಲ. ಅದು ಇಬ್ಬರಿಗೂ ಗೊತ್ತಿತ್ತು.

ಮರುದಿನ ಬಿಡುವಿನಲ್ಲಿ ಆಫೀಸಿನ ಮೆಟ್ಟಿಲ ಮೇಲೆ ನಿಂತು ಫೋನ್ ಮಾಡಿದಳು.

“ಊಟ ಆಯ್ತಾ ರೀ?”

ಒಂದು ತಟ್ಟು.

ಅವಳು ಇನ್ನೊಂದು ತಟ್ಟಿಗಾಗಿ ಕಾದಳು. ಬರಲಿಲ್ಲ. “ಸರಿ ರೀ, ಹಂಗಾದ್ರೆ ಇಡ್ತೀನಿ,” ಎಂದು ಒಳಗೆ ಹೋಗಿ ಹೆಡ್‌ಫೋನು ಏರಿಸಿಕೊಂಡಳು. ಸಾಲಿನಲ್ಲಿ ಯಾರೋ ಕಾಯುತ್ತಿದ್ದರು.