ಜಾಗಟೆಯಾದ ಸಾರಿನ ಪಾತ್ರೆ

ಕಾರ್ಯಕ್ರಮ ನೋಡಲು ಬಂದಿದ್ದ ಫಿಲಿಪೈನ್ಸ್‌ನ ಅಜ್ಜಿಯೊಬ್ಬರು ನನ್ನ ಸಾರಿನ ಪಾತ್ರೆಯನ್ನು ಹಣೆಗೊತ್ತಿಕೊಂಡಾಗ ನಾನು ತುಟಿ ಕಚ್ಚಿ ನಗು ತಡೆದೆ.

ಅಮೆರಿಕದ ಮೆಟುಚೆನ್ ಊರಿನ ನಮ್ಮ ಪಕ್ಕದ ಮನೆಯವರೂ ಆ ದೇಶದವರೇ. ಬ್ಯಾಂಕುಗಳು ಮುಳುಗಿದ ವರ್ಷ ಕೆಲಸ ಹೋಗಿ, ಮಕ್ಕಳಿಗೆ ತಮ್ಮ ಊರಿನ ಜಾನಪದ ಸಂಗೀತ ಕಲಿಸುತ್ತಿದ್ದರು. ಅದಕ್ಕೆ ಸಾಲಾಗಿಟ್ಟು ಬಾರಿಸುವ ಎಂಟು ಪುಟ್ಟ ಜಾಗಟೆಗಳು ಬೇಕು. ಕಾರ್ಯಕ್ರಮದ ದಿನವೂ ಅವು ಊರಿನಿಂದ ಬಂದಿರಲಿಲ್ಲ. ಕೊನೆಗೆ ಅವರ ಶಿಷ್ಯೆಯಾದ ನನ್ನ ಮಗಳು ನಮ್ಮ ಎಂಟು ಸ್ಟೀಲ್ ಪಾತ್ರೆಗಳನ್ನು ಕವುಚಿಟ್ಟು ಬಾರಿಸಿದಳು. ಮೇಷ್ಟ್ರೂ ಒಪ್ಪಿದರು.

ಎಲ್ಲ ಮುಗಿದ ಮೇಲೆ ಅಜ್ಜಿ, ಪಾತ್ರೆಯ ಅಕ್ಷರಗಳ ಮೇಲೆ ಬೆರಳಾಡಿಸುತ್ತ, ಇದು ತಮ್ಮ ಪೂರ್ವಜರ ಮರೆತುಹೋದ ಲಿಪಿಯೇ ಎಂದು ಕೇಳಿದರು. ಅಲ್ಲಿ ಕೆತ್ತಿದ್ದದ್ದು: ‘ನಮ್ಮ ಸುಧಾ ಮದುವೆಗೆ, ಮೈಸೂರು ದೊಡ್ಡಮ್ಮ.’

“ಅಮ್ಮಾ, ಪ್ಲೀಸ್ ಡೋಂಟ್ ಟೆಲ್ ಹರ್,” ಎಂದು ಮಗಳು ಪಿಸುಗುಟ್ಟಿದಳು.

ಮದುವೆಯ ಆಶೀರ್ವಾದ ಎಂದಷ್ಟೇ ಹೇಳಿದೆ. ಸುಳ್ಳೇನಲ್ಲ. ಅಜ್ಜಿ ಅದನ್ನು ಹಣೆಗೊತ್ತಿಕೊಂಡಿದ್ದು ಆಗಲೇ. ಆಮೇಲೆ, ಮದುವೆಯಾಗದ ಮೊಮ್ಮಗಳಿಗೆಂದು ಚೀಲಕ್ಕೇ ಹಾಕಿಕೊಂಡುಬಿಟ್ಟರು.

ಪಾತ್ರೆ ಬೇರೆಯವರ ಮನೆ ಸೇರದಿರಲೆಂದೇ ದೊಡ್ಡಮ್ಮ ಹೆಸರು ಹಾಕಿಸಿದ್ದು. ಮರುವರ್ಷ ಆ ಮೊಮ್ಮಗಳ ಮದುವೆಯ ಕರೆಯೋಲೆ ಬಂತು. ಪಾತ್ರೆ ಬರಲಿಲ್ಲ.