ಚನ್ನವೀರಪ್ಪನ ಚಹಾ ಪರೀಕ್ಷೆ
ಅಕ್ಕಿಆಲೂರಿನ ಬಸ್ ಸ್ಟ್ಯಾಂಡಿನ ಎದುರು ಈಗ ಉದ್ಯೋಗ ಕೇಂದ್ರ ಎದ್ದಿದೆ. ಅರ್ಜಿ, ತರಬೇತಿ, ಸಂದರ್ಶನ ಎಲ್ಲವೂ ಒಂದೇ ಸೂರಿನಡಿ. ಮೊದಲು ಅದೇ ಜಾಗದ ಬೇವಿನ ಕಟ್ಟೆಯ ಮೇಲೆ ಅದೆಲ್ಲವೂ ಒಂದೇ ರುಮಾಲಿನಡಿ ಇತ್ತು, ಆ ರುಮಾಲು ಚನ್ನವೀರಪ್ಪನದು. ಕೆಲಸ ಹುಡುಕಿ ಬಂದವರ ಓದನ್ನು ಆತ ಕೇಳುತ್ತಿರಲಿಲ್ಲ; ಚಹಾ ತರಿಸಿ, ಅವರು ಕುಡಿಯುವುದನ್ನು ನ್ಯಾಯಾಧೀಶನ ಗತ್ತಿನಲ್ಲಿ ನೋಡುತ್ತಿದ್ದ. ಕಪ್ಪಿನಿಂದ ಕೆಳಗಿನ ಬಸಿಗೆ ಸುರುವಿಕೊಂಡು ನಿಧಾನಕ್ಕೆ ಊದಿ ಕುಡಿದವರು ರೈಸ್ ಮಿಲ್ಲಿನ ತೂಕಕ್ಕೆ, ಒಂದೇ ಗುಟುಕಿಗೆ ಮುಗಿಸಿದವರು ಲಾರಿ ತುಂಬಲು, ಪಕ್ಕದವರಿಗೆ ಅರ್ಧ ಕೊಟ್ಟವರು ಹೊಲಿಗೆ ಕಲಿಸಲು. "ಬಾಯಿ ಸುಳ್ಳು ಹೇಳ್ತೈತಿ, ಬಸಿ ಹೇಳೂದಿಲ್ಲ" ಎನ್ನುತ್ತಿದ್ದ. ಹಾನಗಲ್ಲಿನಿಂದ ಹಿರೇಕೆರೂರಿನವರೆಗೆ ದುಡಿಯುವ ಕೈಗಳಿಗೆಲ್ಲ ತಾನೇ ಕೆಲಸ ಹಚ್ಚಿದ್ದೆಂಬ ಹಮ್ಮು. ತಾನು ಮಲಗಿದರೆ ಮಿಲ್ಲುಗಳೂ ಮಲಗಿಬಿಟ್ಟಾವು ಎಂದು ಜ್ವರವನ್ನೂ ಮುಂದೂಡುತ್ತಿದ್ದ. ಕಟ್ಟೆ ಹೋದ ಮೇಲೂ ಕೇಂದ್ರದ ಮೆಟ್ಟಿಲ ಮೇಲೆ ಕೂತು, "ಒಳಗ ನಮ್ಮ ಶಾಖೆ ಐತಿ, ಹೋಗ್ರಿ" ಎಂದು ಬಂದವರನ್ನು ಕಳಿಸುತ್ತಾನೆ. ಮೊನ್ನೆ ಮಾತ್ರ ಮಂದಿಯೆಲ್ಲ ಚದುರಿದ ಮೇಲೆ ತಾನೇ ಒಳಗೆ ಹೋಗಿ, ಕೇಂದ್ರದಲ್ಲಿ ಸಲಹೆ ಕೊಡುವ ಸಂಘಮಿತ್ರಾಳ ಮುಂದೆ ನಿಂತ. ಆಕೆಯ ಅಪ್ಪನೂ ಆ ಕಟ್ಟೆಯ ಮೇಲೆ ಚಹಾ ಕುಡಿದು ಕೆಲಸ ಹಿಡಿದವನೇ. "ಕುಂದರ್ರಿ ಕಾಕಾ, ಯಾರಿಗೆ ಕೆಲಸ ಬೇಕಾಗೈತ್ರಿ?" ಎಂದಳು. ಆತ ರುಮಾಲು ತೆಗೆದು ತೊಡೆಯ ಮೇಲಿಟ್ಟುಕೊಂಡು, ಅರ್ಜಿ ಹಾಕುವವರ ಕುರ್ಚಿಯಲ್ಲಿ ಕೂತ. ಆಕೆಗೆ ಅರ್ಥವಾಗಿ, ಚಹಾ ತರಿಸಿಟ್ಟಳು. ಇಷ್ಟು ವರ್ಷ ಬೇರೆಯವರ ಬಸಿಯನ್ನೇ ನೋಡಿದವನು ತನ್ನ ಬಸಿಯನ್ನು ಎತ್ತಿ, ಊದಿ, ಹನಿಯೂ ಚೆಲ್ಲದಂತೆ ಕುಡಿದಿಟ್ಟು ಕೇಳಿದ: "ನೋಡಿದ್ಯೇನವಾ? ನಾ ಯಾವ ಕೆಲಸಕ್ಕ ಬರ್ತೇನಿ?"