ಅಳತೆಯ ಪಾಠ

ಮಿರಜಿನ ಐಟಿಐಯೊಂದರಲ್ಲಿ ಫಿಟರ್ ಕೆಲಸ ಕಲಿಸುವ ನಮ್ಮ ಧರೆಪ್ಪ ಸರ್ ಯಾರ ಮುಖವನ್ನೂ ಮೊದಲು ನೋಡುವುದಿಲ್ಲ, ಕಾಲು ನೋಡುತ್ತಾರೆ. ವರ್ಕ್‌ಶಾಪಿನ ಬಾಗಿಲಲ್ಲೇ ನಿಂತು, ‘ಬೂಟ ಇಲ್ದವ್ರು ಹೊರಗ ನಿಂದರ್ರಿ. ಕಬ್ಬಿಣ ಕಾಲ ಮ್ಯಾಲೆ ಬಿದ್ರ ಸಾರಿ ಅನ್ನಂಗಿಲ್ಲ’ ಎನ್ನುತ್ತಾರೆ. ತಪಾಸಣೆಗೆ ಬಂದ ಸಾಹೇಬರೊಬ್ಬರು ಚಪ್ಪಲಿಯಲ್ಲಿದ್ದರೆಂದು ಹೊರಗೇ ಕೂರಿಸಿ, ಚಹಾ ಕುಡಿಸಿ ಕಳಿಸಿಬಿಟ್ಟಿದ್ದರು. ಪ್ರತಿ ವರ್ಷ ಮೊದಲ ದಿನದ ಪಾಠ ಅಳತೆ. ಸ್ಟೀಲ್ ಪಟ್ಟಿ ಹಿಡಿದು ಒಬ್ಬೊಬ್ಬರ ಪಾದವನ್ನೂ ಅಳೆದು, ಮಿಲಿಮೀಟರ್ ಲೆಕ್ಕದಲ್ಲಿ ತಾವೇ ಬರೆದುಕೊಳ್ಳುತ್ತಾರೆ. ಮುಂದಿನ ವಾರ, ಬೂಟು ಕೊಳ್ಳಲಾಗದೆ ಹೊರಗೆ ನಿಂತವರನ್ನು ಕಪಾಟಿನ ಹತ್ತಿರ ಕರೆದು, ‘ಹೋದ ವರ್ಷದವ್ರು ಬಿಟ್ಟು ಹೋದ ಹಳೇವು ಅದಾವ, ಹಾಕ್ಕೋರಿ’ ಎಂದು ಗದರುತ್ತಾರೆ. ಹಳೆಯವೆಂಬುದಕ್ಕೆ ಗುರುತಾಗಿ ಮೇಲೆ ಒಂದಿಷ್ಟು ಗ್ರೀಸೂ ಮೆತ್ತಿರುತ್ತದೆ. ಆದರೆ ಪ್ರತಿಯೊಬ್ಬರ ಕಾಲಿಗೂ ಹೇಳಿ ಮಾಡಿಸಿದಂತೆ ಹೊಂದುತ್ತವೆ. ಖಂಡೇರಾಜುರಿಯ ಕುರಿ ಕಾಯುವ ಮನೆಯ ಪೂನಮ, ಇಲ್ಲಿ ಫಿಟರ್ ಕಲಿತ ಮೊದಲ ಹುಡುಗಿ, ಈ ವರ್ಷ ಪರೀಕ್ಷೆ ಮುಗಿದ ದಿನ ತನಗೆ ಸರ್ ಕೊಟ್ಟಿದ್ದ ಬೂಟು ಒರೆಸಿ ಕಪಾಟಿನಲ್ಲಿಟ್ಟು, ‘ಮುಂದ ಬರೋರಿಗೆ ಆಗ್ತಾವರಿ ಸರ್’ ಎಂದು ಹೇಳಿ, ಚಪ್ಪಲಿ ಮೆಟ್ಟಿ ಊರಿನ ಬಸ್ಸು ಹತ್ತಿದಳು. ಸರ್ ಬಹಳ ಹೊತ್ತು ಕಪಾಟಿನ ಮುಂದೆಯೇ ನಿಂತಿದ್ದರು. ಅವರು ಇಲ್ಲಿ ಕಲಿಸುತ್ತಿರುವ ಹನ್ನೊಂದು ವರ್ಷಗಳಲ್ಲಿ ಅದರೊಳಗೆ ಬಂದ ಮೊದಲ ಹಳೆಯ ಜೋಡಿ ಅದು.